ಓದುಗರ ಪ್ರಶ್ನೆ, ತಜ್ಞರ ಉತ್ತರ: ಔಷಧಿಯಾಗಿ ಗಾಂಜಾ, ಎಲ್ಲಿ, ಎಷ್ಟು, ಹೇಗೆ

ಗಾಂಜಾ ಮೂಲದ ಔಷಧಿಯ ಬಗ್ಗೆ ಬಂದ ಪತ್ರಗಳನ್ನು ಈ ಸಲ ಒಟ್ಟಿಗೆ ತೆಗೆದುಕೊಂಡಿದ್ದೇವೆ. ಹೆಚ್ಚಿನವು ಅಮೆರಿಕದ ಕನ್ನಡಿಗರವು. ಅಲ್ಲಿನ ಬಹಳಷ್ಟು ರಾಜ್ಯಗಳಲ್ಲಿ ರೋಗಿಗಳಿಗೆ ಗಾಂಜಾ ಮಾರಲು ಪರವಾನಗಿ ಪಡೆದ ಅಂಗಡಿಗಳಿವೆ, ಅವನ್ನು ಡಿಸ್ಪೆನ್ಸರಿ ಎನ್ನುತ್ತಾರೆ. ಉಳಿದವು ಕರ್ನಾಟಕದವು, ಇಲ್ಲಿ ಅಂಥ ಅಂಗಡಿ ಇಲ್ಲ. ಉತ್ತರಿಸಿದವರು ಉಪಶಾಮಕ ಚಿಕಿತ್ಸೆಯ, ಅಂದರೆ ನೋವು ನರಳಾಟ ತಗ್ಗಿಸುವ ಚಿಕಿತ್ಸೆಯ ವೈದ್ಯರೊಬ್ಬರು ಮತ್ತು ಫಾರ್ಮಸಿಸ್ಟ್ ಒಬ್ಬರು.

ಪ್ರಶ್ನೆ: ಅಮ್ಮನಿಗೆ 68 ವರ್ಷ, ಅಮೆರಿಕದ ಪೌರತ್ವವಿದೆ. ಸ್ತನ ಕ್ಯಾನ್ಸರಿಗೆ ಕೀಮೊ ನಡೆಯುತ್ತಿದೆ. ವಾಕರಿಕೆ, ಅಂಗಾಲಿನ ಉರಿ, ರಾತ್ರಿ ನಿದ್ದೆಯಿಲ್ಲ. ಮೆಡಿಕಲ್ ಕಾರ್ಡ್ ಮಾಡಿಸಿ ನೋಡಿ ಎಂದು ಡಾಕ್ಟರೇ ಹೇಳಿದರು. ಆದರೆ ಮನೆ ಹತ್ತಿರದ ಅಂಗಡಿಯಲ್ಲಿ ಕಾರ್ಡ್ ಇಲ್ಲದವರಿಗೂ ಕೊಡುತ್ತಾರಲ್ಲ, ಮತ್ತೆ ಕಾರ್ಡ್ ಯಾಕೆ?
– ಎಡಿಸನ್, ನ್ಯೂಜೆರ್ಸಿ

ಉತ್ತರ: ಕಾರ್ಡ್ ಮಾಡಿಸಿಕೊಂಡೇ ಹೋಗಿ. 2022ರ ಏಪ್ರಿಲ್ 21ರಿಂದ ನ್ಯೂಜೆರ್ಸಿಯಲ್ಲಿ 21 ತುಂಬಿದ ಯಾರಿಗಾದರೂ ಗಾಂಜಾ ಮಾರುತ್ತಾರೆ, ನಿಜ. ಆದರೆ ಆ ಗಿರಾಕಿಗೆ 6.625% ಮಾರಾಟ ತೆರಿಗೆ ಬೀಳುತ್ತದೆ; ಕಾರ್ಡ್ ಇರುವ ರೋಗಿಗೆ 2022ರ ಜುಲೈ 1ರಿಂದ ಅದು ಇಲ್ಲ. ಇನ್ಶೂರೆನ್ಸ್ ಈ ಖರ್ಚನ್ನು ಕೊಡುವುದಿಲ್ಲವಾದ್ದರಿಂದ ತಿಂಗಳುಗಟ್ಟಲೆ ಕೊಳ್ಳುವವರಿಗೆ ಇದು ಸಣ್ಣ ಮೊತ್ತವಲ್ಲ. ಕಾರ್ಡಿನವರು 30 ದಿನಕ್ಕೆ 3 ಔನ್ಸ್, ಅಂದರೆ ಸುಮಾರು 85 ಗ್ರಾಂ ತನಕ ಕೊಳ್ಳಬಹುದು. ಕೊನೆಯ ಹಂತದ ಕಾಯಿಲೆಯವರಿಗೆ ಮಿತಿಯೇ ಇಲ್ಲ. ಎರಡೂ ಬಗೆಯ ಗಿರಾಕಿಗಳಿರುವ ಅಂಗಡಿಗಳು ರೋಗಿಗಳಿಗೆ ಆದ್ಯತೆ ಕೊಡಬೇಕು ಎಂಬ ನಿಯಮವೂ ಇದೆ. ಕೀಮೊ ಮುಗಿಸಿಕೊಂಡು ಬಂದ ದಿನ ಅಮ್ಮನವರನ್ನು ಸಾಲಿನಲ್ಲಿ ನಿಲ್ಲಿಸಬೇಕಾಗಿಲ್ಲ ಎನ್ನುವುದೇ ದೊಡ್ಡ ಲಾಭ.

ಮಾಡಿಸುವ ಬಗೆ ಹೀಗೆ. ಆ ರಾಜ್ಯದ ಯೋಜನೆಯಲ್ಲಿ ಹೆಸರು ನೋಂದಾಯಿಸಿದ ವೈದ್ಯರೇ ಪ್ರಮಾಣಪತ್ರ ಕೊಡಬೇಕು. ಆಂಕಾಲಜಿಸ್ಟ್, ಅಂದರೆ ಕ್ಯಾನ್ಸರ್ ವೈದ್ಯರು, ನೋಂದಾಯಿಸಿಲ್ಲದಿದ್ದರೆ ನೋಂದಾಯಿಸಿದ ಇನ್ನೊಬ್ಬರ ಹತ್ತಿರ ಕಳಿಸುತ್ತಾರೆ. ಕ್ಯಾನ್ಸರ್ ಅರ್ಹ ಕಾಯಿಲೆಗಳ ಪಟ್ಟಿಯಲ್ಲಿದೆ. ವೈದ್ಯರು ಆನ್‌ಲೈನಿನಲ್ಲಿ ವಿವರ ತುಂಬಿ ನೋಂದಣಿ ಸಂಖ್ಯೆ ಕೊಟ್ಟ ಮೇಲೆ ನೀವು ಕ್ಯಾನಬಿಸ್ ರೆಗ್ಯುಲೇಟರಿ ಕಮಿಷನ್ನಿನ ಜಾಲತಾಣದಲ್ಲಿ ಅರ್ಜಿ ಹಾಕಬೇಕು. ನಮ್ಮವರ ಅರ್ಜಿ ಸಿಕ್ಕಿಬೀಳುವುದು ಸಾಮಾನ್ಯವಾಗಿ ಹೆಸರಿನಲ್ಲಿ: ಆಸ್ಪತ್ರೆಯ ದಾಖಲೆಯಲ್ಲಿ ಇನಿಶಿಯಲ್, ಸ್ಟೇಟ್ ಐಡಿಯಲ್ಲಿ ಅದನ್ನೇ ಬಿಡಿಸಿ ಬರೆದ ಊರು ಅಥವಾ ತಂದೆಯ ಹೆಸರು. ವೈದ್ಯರು ವಿವರ ತುಂಬುವಾಗಲೇ ಐಡಿ ಮುಂದಿಟ್ಟು, ಅಕ್ಷರಕ್ಕೆ ಅಕ್ಷರ ಸರಿ ಮಾಡಿಸಿ. ಹಾಗೆಯೇ ನಿಮ್ಮನ್ನು 'ಕೇರ್‌ಗಿವರ್' ಎಂದು ನೋಂದಾಯಿಸಿಕೊಂಡರೆ ಅಮ್ಮನ ಪರವಾಗಿ ನೀವೇ ತರಬಹುದು.

ಅಂಗಡಿಯಲ್ಲಿ ಮಾತಾಡಿಸುವವರು ಸಾಮಾನ್ಯವಾಗಿ ಮಾರಾಟ ಸಿಬ್ಬಂದಿ, ಫಾರ್ಮಸಿಸ್ಟ್ ಅಲ್ಲ. ಕನೆಕ್ಟಿಕಟ್, ಮಿನೆಸೊಟಾ, ನ್ಯೂಯಾರ್ಕ್ ರಾಜ್ಯಗಳು ರೋಗಿಗಳ ಯೋಜನೆ ಶುರು ಮಾಡಿದಾಗ ಫಾರ್ಮಸಿಸ್ಟ್ ಇರಲೇಬೇಕು ಎಂದಿದ್ದವು, ನ್ಯೂಜೆರ್ಸಿಯಲ್ಲಿ ಹಾಗಿಲ್ಲ. ಆದ್ದರಿಂದ ಮಾತ್ರೆಗಳ ಪಟ್ಟಿ ನೋಡಿ ಹೇಳುವ ಕೆಲಸವನ್ನು ಆಸ್ಪತ್ರೆಯ ಫಾರ್ಮಸಿಸ್ಟ್ ಹತ್ತಿರ ಮೊದಲೇ ಮುಗಿಸಿಕೊಳ್ಳಿ. ರಕ್ತ ಹೆಪ್ಪುಗಟ್ಟದಂತೆ ಕೊಡುವ ವಾರ್ಫರಿನ್ ತೆಗೆದುಕೊಳ್ಳುತ್ತಿದ್ದರೆ ಐಎನ್‌ಆರ್, ಅಂದರೆ ರಕ್ತ ಹೆಪ್ಪುಗಟ್ಟಲು ಹಿಡಿಯುವ ಸಮಯದ ಅಳತೆ, ಏರಬಹುದು. ನರನೋವಿನ ಗ್ಯಾಬಪೆಂಟಿನ್, ನಿದ್ದೆ ಮಾತ್ರೆ ಜೊತೆ ಸೇರಿದರೆ ಮಂಪರು ಇಮ್ಮಡಿ, ಬಚ್ಚಲಿನಲ್ಲಿ ಜಾರಿ ಬೀಳುವ ಭಯ. ದೇಹದ ರೋಗನಿರೋಧಕ ಶಕ್ತಿಯಿಂದಲೇ ಕ್ಯಾನ್ಸರನ್ನು ಎದುರಿಸುವ ಇಮ್ಯುನೊಥೆರಪಿ ನಡೆಯುತ್ತಿದ್ದರೆ ಆಂಕಾಲಜಿಸ್ಟರಿಗೆ ಹೇಳದೆ ಮುಟ್ಟಲೇಬೇಡಿ; ಗಾಂಜಾ ಬಳಸುವವರಲ್ಲಿ ಆ ಚಿಕಿತ್ಸೆಯ ಫಲ ಕಡಿಮೆ ಕಂಡ ಅಧ್ಯಯನಗಳು ಇಸ್ರೇಲಿನಿಂದ ಬಂದಿವೆ.

ಯಾವ ರೂಪದಲ್ಲಿ? ಒಣ ಹೂ ಸೇದುವುದು ಬೇಡ. ಅದರಲ್ಲಿ ಆಸ್ಪರ್ಜಿಲಸ್ ಎಂಬ ಬೂಸು ಇರಬಹುದು. ಕೀಮೊದಿಂದ ಬಿಳಿ ರಕ್ತಕಣ ಇಳಿದವರ ಶ್ವಾಸಕೋಶದಲ್ಲಿ ಅದು ಬೇರು ಬಿಟ್ಟರೆ ಜೀವಕ್ಕೇ ಅಪಾಯ. ನಾಲಿಗೆ ಕೆಳಗೆ ಹನಿ ಹಾಕುವ ಟಿಂಕ್ಚರ್ ಅಳೆಯಲು ಸುಲಭ. ಅದಕ್ಕೂ ಮುಂಚೆ ಒಂದು ಮಾತು: ಕೀಮೊ ವಾಕರಿಕೆಗೆ ಡ್ರೊನಾಬಿನಾಲ್ ಎಂಬ, ಗಾಂಜಾದಲ್ಲಿ ಅಮಲು ತರುವ ಅಂಶವಾದ ಟಿಎಚ್‌ಸಿಯದೇ ಕ್ಯಾಪ್ಸೂಲ್ 1985ರಿಂದಲೇ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎಯ ಒಪ್ಪಿಗೆಯೊಂದಿಗೆ ಮಾಮೂಲಿ ಫಾರ್ಮಸಿಯಲ್ಲಿ ಸಿಗುತ್ತಿದೆ. ಅಂಗಾಲಿನ ಉರಿಗೆ ಡುಲೊಕ್ಸಿಟಿನ್ ಎಂಬ ಔಷಧಿ ಇದೆ. ಇವೆರಡನ್ನೂ ಕೇಳಿ ನೋಡಿದ ಮೇಲೆ ಡಿಸ್ಪೆನ್ಸರಿಗೆ ಹೋಗುವುದು ಸರಿಯಾದ ಕ್ರಮ. ಗಾಂಜಾ ಕ್ಯಾನ್ಸರನ್ನೇ ಗುಣಮಾಡುತ್ತದೆ ಎಂದು ಅಂಗಡಿಯವರು ಯಾರಾದರೂ ಹೇಳಿದರೆ ಆ ಅಂಗಡಿ ಬಿಟ್ಟು ಬನ್ನಿ.

ಪ್ರಶ್ನೆ: ಅಪ್ಪನಿಗೆ 74, ಮಂಡಿ ನೋವು, ಬಿಪಿ ಮಾತ್ರೆ ಇದೆ. ಡಿಸ್ಪೆನ್ಸರಿಯಿಂದ ತಂದ ಗಮ್ಮಿ, ಅಂದರೆ ಗಾಂಜಾ ಬೆರೆಸಿದ ಜೆಲ್ಲಿ ಮಿಠಾಯಿ, ಒಂದು ಕೊಟ್ಟೆವು. ಮುಕ್ಕಾಲು ಗಂಟೆಯಾದರೂ ಏನೂ ಆಗಲಿಲ್ಲವೆಂದು ಇನ್ನೊಂದು ಕೊಟ್ಟೆವು. ಆಮೇಲೆ ಎದೆ ಬಡಿತ, ಬೆವರು, ಯಾರೋ ಬಂದಿದ್ದಾರೆ ಎಂಬ ಹೆದರಿಕೆ, ಬೆಳಗಿನವರೆಗೂ. ಪರವಾನಗಿ ಇರುವ ಅಂಗಡಿಯದೇ ಮಾಲು, ಕಲಬೆರಕೆಯೇ?
– ಫ್ರೀಮಾಂಟ್, ಕ್ಯಾಲಿಫೋರ್ನಿಯಾ

ಉತ್ತರ: ಮಾಲು ಸರಿಯೇ ಇದ್ದಿರಬೇಕು, ಲೆಕ್ಕ ತಪ್ಪಿದೆ. ಕ್ಯಾಲಿಫೋರ್ನಿಯಾದಲ್ಲಿ ತಿನ್ನುವ ಪದಾರ್ಥದ ಒಂದು ತುಂಡಿನಲ್ಲಿ ಟಿಎಚ್‌ಸಿ 10 ಮಿಲಿಗ್ರಾಂ ಮೀರುವಂತಿಲ್ಲ, ಇಡೀ ಪೊಟ್ಟಣದಲ್ಲಿ 100. ಅದು ಗರಿಷ್ಠ ಮಿತಿ; ಎಷ್ಟೋ ಗಮ್ಮಿಗಳು ಆ ಮಿತಿಗೇ ತಯಾರಾಗುತ್ತವೆ. ಎಂದೂ ಮುಟ್ಟದ ಹಿರಿಯರಿಗೆ ಆರಂಭದ ಪ್ರಮಾಣ 1ರಿಂದ 2.5 ಮಿಲಿಗ್ರಾಂ. ನೀವು ಕೊಟ್ಟದ್ದು 10 ಮಿಲಿಗ್ರಾಂನ ಗಮ್ಮಿಯಾಗಿದ್ದರೆ ತಂದೆಯವರ ಹೊಟ್ಟೆಗೆ ಹೋದದ್ದು 20 ಮಿಲಿಗ್ರಾಂ, ಕನಿಷ್ಠ ಎಂಟು ಪಟ್ಟು.

ಎಳೆದ ಹೊಗೆ ಕೆಲವೇ ನಿಮಿಷದಲ್ಲಿ ತಲೆಗೇರಿ, ಎರಡು ಮೂರು ಗಂಟೆಯಲ್ಲಿ ಇಳಿಯುತ್ತದೆ. ತಿಂದದ್ದು ಹಾಗಲ್ಲ. ಜಠರ, ಕರುಳು ದಾಟಿ ಯಕೃತ್ತಿಗೆ ಹೋಗಿ, ಅಲ್ಲಿ 11-ಹೈಡ್ರಾಕ್ಸಿ ಟಿಎಚ್‌ಸಿ ಆಗಿ ಮಾರ್ಪಟ್ಟು ಮಿದುಳಿಗೆ ಬರುತ್ತದೆ. ಇದು ಮೂಲಕ್ಕಿಂತ ಜೋರು. ಶುರುವಾಗುವುದಕ್ಕೇ ಅರ್ಧದಿಂದ ಎರಡು ಗಂಟೆ, ಏರುವುದು 2ರಿಂದ 4 ಗಂಟೆಗೆ, ಇಳಿಯಲು 8 ಗಂಟೆ, ಕೆಲವರಿಗೆ ಇನ್ನೂ ಹೆಚ್ಚು. ಎಣ್ಣೆ ತುಪ್ಪದ ಊಟದ ಮೇಲೆ ಹೀರಿಕೆ ಹೆಚ್ಚುತ್ತದೆ, ಬರೀ ಹೊಟ್ಟೆಯಲ್ಲಿ ಬೇರೆ ಥರ. ಆದ್ದರಿಂದ ದಿನವೂ ಒಂದೇ ಹೊತ್ತಿನಲ್ಲಿ, ಒಂದೇ ಬಗೆಯ ಊಟದ ನಂತರ ಕೊಡಬೇಕು. ಒಂದು ದಿನಕ್ಕೆ ಒಂದೇ ಸಲ. ಸಾಲದು ಅನ್ನಿಸಿದರೆ ಅದೇ ರಾತ್ರಿ ಏರಿಸಬಾರದು. ಎರಡು ಮೂರು ದಿನ ಅದೇ ಪ್ರಮಾಣ ನೋಡಿ, ಆಮೇಲೆ 1 ಅಥವಾ 2.5 ಮಿಲಿಗ್ರಾಂ ಹೆಚ್ಚಿಸಿ.

ಗಮ್ಮಿಯನ್ನು ಚಾಕುವಿನಲ್ಲಿ ನಾಲ್ಕು ಮಾಡಿದರೆ ನಾಲ್ಕರಲ್ಲೂ ಸಮಪಾಲು ಇರುತ್ತದೆಂಬ ಖಾತ್ರಿ ಇಲ್ಲ. 2 ಅಥವಾ 2.5 ಮಿಲಿಗ್ರಾಂನದೇ ಗಮ್ಮಿ ಕೇಳಿ, ಇಲ್ಲವೆ ಟಿಂಕ್ಚರ್ ತನ್ನಿ. 30 ಮಿಲಿಲೀಟರ್ ಬಾಟಲಿಯಲ್ಲಿ ಒಟ್ಟು ಟಿಎಚ್‌ಸಿ 300 ಮಿಲಿಗ್ರಾಂ ಎಂದಿದ್ದರೆ ಒಂದು ಮಿಲಿಲೀಟರಿಗೆ 10. ಡ್ರಾಪರಿನ ಮೇಲೆ 0.25ರ ಗೆರೆಯ ತನಕ ಎಳೆದರೆ 2.5 ಮಿಲಿಗ್ರಾಂ. ಬಾಟಲಿಯ ಮೇಲೆ ದೊಡ್ಡದಾಗಿ ಬರೆದಿರುವ ಅಂಕಿ ಟಿಎಚ್‌ಸಿಯದೋ, ಗಾಂಜಾದ ಅಮಲು ತರದ ಅಂಶವಾದ ಸಿಬಿಡಿಯದೋ, ಎರಡೂ ಕೂಡಿಸಿದ್ದೋ ನೋಡಿಕೊಳ್ಳಿ. ಮೋಸ ಹೋಗುವುದು ಹೆಚ್ಚಾಗಿ ಅಲ್ಲೇ.

ಮತ್ತೆ ಹೀಗಾದರೆ: ದೀಪ ಮಂದ ಮಾಡಿ, ಪಕ್ಕದಲ್ಲಿ ಒಬ್ಬರು ಕೂತು, ನೀರು ಕುಡಿಸಿ ಮಲಗಿಸಿ. ಬಿಪಿ ಮಾತ್ರೆಯವರು ಥಟ್ಟನೆ ಎದ್ದರೆ ಕಣ್ಣು ಕತ್ತಲೆ ಬರುತ್ತದೆ, ಕೈ ಹಿಡಿದೇ ಏಳಿಸಿ. ಎದೆನೋವು, ಎಚ್ಚರ ತಪ್ಪುವುದು, ಎಬ್ಬಿಸಿದರೂ ಏಳದಿರುವುದು, ನಿಲ್ಲದ ವಾಂತಿ ಇದ್ದರೆ 911. ಅಷ್ಟಿಲ್ಲದಿದ್ದರೆ ವಿಷ ಮಾಹಿತಿ ಕೇಂದ್ರ 1-800-222-1222, ಹಗಲೂ ರಾತ್ರಿಯೂ ಇರುತ್ತದೆ. ಮನೆಯಲ್ಲಿ ಮೊಮ್ಮಕ್ಕಳಿದ್ದರೆ ಡಬ್ಬಿ ಬೀಗದಲ್ಲಿರಲಿ. ಮಗುವಿನ ಕಣ್ಣಿಗೆ ಅದು ಬರೀ ಮಿಠಾಯಿ.

ಪ್ರಶ್ನೆ: ಡಿಸ್ಪೆನ್ಸರಿಯ ಅರ್ಧ ಬೆಲೆಗೆ ಸ್ನೇಹಿತರೊಬ್ಬರು ಗಾಂಜಾ ಎಣ್ಣೆ ತುಂಬಿದ ವೇಪ್ ಕಾರ್ಟ್ರಿಜ್ ತರಿಸಿಕೊಡುತ್ತೇನೆ ಎನ್ನುತ್ತಾರೆ. ಒಳಗಿರುವುದು ಅದೇ ತಾನೆ?
– ಸ್ಯಾಕ್ರಮೆಂಟೊ, ಕ್ಯಾಲಿಫೋರ್ನಿಯಾ

ಉತ್ತರ: ಅಲ್ಲ. 2019ರಲ್ಲಿ ಅಮೆರಿಕದಾದ್ಯಂತ ವೇಪ್ ಸೇದಿದವರ ಶ್ವಾಸಕೋಶ ಕೆಟ್ಟ ಪ್ರಕರಣ ನೆನಪಿದೆಯಲ್ಲ? 2020ರ ಫೆಬ್ರವರಿಯ ಹೊತ್ತಿಗೆ ಅಮೆರಿಕದ ರೋಗ ನಿಯಂತ್ರಣ ಕೇಂದ್ರ ಸಿಡಿಸಿಯ ಲೆಕ್ಕದಲ್ಲಿ 2,807 ಮಂದಿ ಆಸ್ಪತ್ರೆ ಸೇರಿದ್ದರು, 68 ಮಂದಿ ಸತ್ತಿದ್ದರು. ಮುಖ್ಯ ಆರೋಪಿ ವಿಟಮಿನ್ ಇ ಅಸಿಟೇಟ್. ಕಳ್ಳಮಾರುಕಟ್ಟೆಯವರು ಟಿಎಚ್‌ಸಿ ಎಣ್ಣೆಯನ್ನು ತೆಳುವಾಗಿಸಿ ಹೆಚ್ಚು ಮಾಡಲು ಅದನ್ನು ಬೆರೆಸುತ್ತಿದ್ದರು. ನೋಡಲು ಅದೂ ಅಷ್ಟೇ ಮಂದ, ಅಷ್ಟೇ ಹೊಂಬಣ್ಣ.

ಡಿಸ್ಪೆನ್ಸರಿಯಲ್ಲಿ ನೀವು ಕೊಡುವ ಹೆಚ್ಚಿನ ದುಡ್ಡು ಲ್ಯಾಬ್ ವರದಿಗೂ ಹೋಗುತ್ತದೆ, ಹಾಗಾಗಿ ಅದನ್ನು ಓದಿ. ಪೊಟ್ಟಣದ ಬ್ಯಾಚ್ ಸಂಖ್ಯೆ ವರದಿಯಲ್ಲೂ ಅದೇ ಇರಬೇಕು. ಕೀಟನಾಶಕ, ಸೀಸ, ಆರ್ಸೆನಿಕ್, ಕ್ಯಾಡ್ಮಿಯಂ, ಪಾದರಸ, ಸಾಲ್ಮೊನೆಲ್ಲಾ, ಆಸ್ಪರ್ಜಿಲಸ್, ಅಫ್ಲಟಾಕ್ಸಿನ್, ಉಳಿದ ಬ್ಯೂಟೇನಿನಂಥ ದ್ರಾವಕ, ಇವೆಲ್ಲಕ್ಕೂ ಎದುರಿಗೆ ಉತ್ತೀರ್ಣ ಎಂದಿರಬೇಕು. ಒಣ ಹೂವಿನ ವರದಿಯಲ್ಲಿ ಟಿಎಚ್‌ಸಿಎ 22%, ಟಿಎಚ್‌ಸಿ 0.6% ಎಂದಿದ್ದರೆ, 22ನ್ನು 0.877ರಿಂದ ಗುಣಿಸಿ 0.6 ಕೂಡಿಸಿ: ಸುಮಾರು 19.9%. ಬಿಸಿ ತಾಗಿದಾಗ ಟಿಎಚ್‌ಸಿಎ ಟಿಎಚ್‌ಸಿಯಾಗಿ ಬದಲಾಗುತ್ತದೆ; ಆಗ ಅದರ ಒಂದು ಭಾಗ ಇಂಗಾಲದ ಡೈ ಆಕ್ಸೈಡ್ ಆಗಿ ಹೋಗುವುದರಿಂದ ಈ ಗುಣಕ. ಒಂದು ಗ್ರಾಮಿನಲ್ಲಿ 199 ಮಿಲಿಗ್ರಾಂ, ಚಿಟಿಕೆಯಷ್ಟು, ಅಂದರೆ 0.1 ಗ್ರಾಂನಲ್ಲಿ 20. 35% ಎಂದು ಜಂಬ ಕೊಚ್ಚುವ ಲೇಬಲ್ ಕಂಡರೆ ಅನುಮಾನವಿರಲಿ. ಹೆಚ್ಚು ಅಂಕಿ ಕೊಡುವ ಲ್ಯಾಬನ್ನೇ ಹುಡುಕಿಕೊಂಡು ಹೋಗುವ ಬೆಳೆಗಾರರಿದ್ದಾರೆ, ಮತ್ತು ರೋಗಿಗೆ ಆ ಅಂಕಿಯಿಂದ ಲಾಭವೂ ಇಲ್ಲ.

ಪ್ರಶ್ನೆ: ನಾನು ಎಚ್-1ಬಿ ವೀಸಾದಲ್ಲಿದ್ದೇನೆ, ಕ್ರೋನ್ಸ್ ಎಂಬ ಕರುಳಿನ ಕಾಯಿಲೆ ಇದೆ. ರಾಜ್ಯದಲ್ಲಿ ಕಾನೂನುಬದ್ಧವಾದ್ದರಿಂದ ಕಾರ್ಡ್ ಮಾಡಿಸಿದರೆ ತೊಂದರೆ ಏನು?
– ನೇಪರ್‌ವಿಲ್, ಇಲಿನಾಯ್

ಉತ್ತರ: ಬಹಳ ತೊಂದರೆ. ರಾಜ್ಯದ ಕಾನೂನು ಏನೇ ಹೇಳಲಿ, ವಲಸೆ ಫೆಡರಲ್ ವಿಷಯ. 1970ರ ನಿಯಂತ್ರಿತ ದ್ರವ್ಯ ಕಾಯ್ದೆ ಗಾಂಜಾವನ್ನು ಅತಿ ಕಟ್ಟುನಿಟ್ಟಿನ ಮೊದಲ ಪಟ್ಟಿಗೆ ಸೇರಿಸಿತು. ಅಲ್ಲಿಂದ ಕೆಳಗಿನ ಪಟ್ಟಿಗೆ ಇಳಿಸುವ ಪ್ರಸ್ತಾಪ 2024ರಲ್ಲಿ ಬಂತು, ಆದರೆ ಪಟ್ಟಿ ಬದಲಾದ ಮಾತ್ರಕ್ಕೆ ಅದು ನಿಯಂತ್ರಿತ ದ್ರವ್ಯವಲ್ಲ ಎಂದಾಗುವುದಿಲ್ಲ. ಪೌರನಲ್ಲದವನು ಗಾಂಜಾ ಬಳಸಿದ್ದೇನೆ ಎಂದು ಅಧಿಕಾರಿಯೆದುರು ಒಪ್ಪಿಕೊಂಡರೆ, ಕೇಸು ಶಿಕ್ಷೆ ಯಾವುದೂ ಇಲ್ಲದೆಯೂ ಮರುಪ್ರವೇಶ ನಿಲ್ಲಬಹುದು. ರಾಜ್ಯದಲ್ಲಿ ಕಾನೂನುಬದ್ಧವಾಗಿದ್ದರೂ ಪೌರತ್ವದ ಅರ್ಜಿಗೆ ಅಡ್ಡಿಯಾಗಬಹುದು ಎಂದು ವಲಸೆ ಇಲಾಖೆ 2019ರ ಏಪ್ರಿಲ್ 19ರ ಮಾರ್ಗಸೂಚಿಯಲ್ಲಿ ಬಿಡಿಸಿಯೇ ಹೇಳಿದೆ. ಡಿಸ್ಪೆನ್ಸರಿಯಲ್ಲಿ ಕೆಲಸ ಮಾಡುವುದೂ ಅದರಲ್ಲಿ ಸೇರಿದೆ. ಗ್ರೀನ್ ಕಾರ್ಡ್‌ನವರಿಗೂ ಇದೇ ಅನ್ವಯ, ತಂದೆ ತಾಯಿಯನ್ನು ಕರೆಸಿಕೊಂಡವರು ಗಮನಿಸಿ. ಕಾರ್ಡ್ ಮಾಡಿಸುವ ಮುಂಚೆ ವಲಸೆ ವಕೀಲರನ್ನು ನೋಡಿ, ಮಾಡಿಸಿದ ಮೇಲಲ್ಲ. ಡ್ರೊನಾಬಿನಾಲ್, ನಬಿಲೋನ್ ಎಫ್‌ಡಿಎ ಒಪ್ಪಿದ ಔಷಧಗಳು; ವೈದ್ಯರು ಚೀಟಿ ಬರೆದು ಫಾರ್ಮಸಿಯಿಂದ ಪಡೆದರೆ ಈ ತಕರಾರು ಇಲ್ಲ. ನಿಮ್ಮ ತೊಂದರೆಗೆ ಅವು ಆಗಿಬರುತ್ತವೆಯೇ ಎಂದು ಹೊಟ್ಟೆಯ ಡಾಕ್ಟರನ್ನು ಕೇಳಿ.

ಪ್ರಶ್ನೆ: ಆರು ವರ್ಷದ ಮಗಳಿಗೆ ಲೆನಾಕ್ಸ್-ಗ್ಯಾಸ್ಟೊ ಬಗೆಯ ಮೂರ್ಛೆರೋಗ. ಸೂಪರ್ ಮಾರ್ಕೆಟ್ಟಿನ ಸಿಬಿಡಿ ಎಣ್ಣೆ ಕೊಡಬಹುದೇ?
– ಡಲ್ಲಾಸ್, ಟೆಕ್ಸಸ್

ಉತ್ತರ: ಬೇಡ. 2017ರಲ್ಲಿ ಜಾಮಾ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಪರೀಕ್ಷೆಯೊಂದರಲ್ಲಿ ಆನ್‌ಲೈನಿನಲ್ಲಿ ಕೊಂಡ 84 ಸಿಬಿಡಿ ಪದಾರ್ಥಗಳ ಪೈಕಿ ಲೇಬಲ್ಲಿಗೆ ಸರಿಹೊಂದಿದ್ದು 31% ಮಾತ್ರ. 18ರಲ್ಲಿ ಟಿಎಚ್‌ಸಿ ಇತ್ತು. ಫಿಟ್ಸಿನ ಮಗುವಿಗೆ ಈ ಏರುಪೇರು ಸಲ್ಲದು. ಈ ಕಾಯಿಲೆಗೆಂದೇ ಎಪಿಡಿಯೊಲೆಕ್ಸ್ ಎಂಬ ಶುದ್ಧ ಸಿಬಿಡಿ ದ್ರವ 2018ರ ಜೂನಿನಿಂದ ಎಫ್‌ಡಿಎ ಒಪ್ಪಿಗೆ ಪಡೆದಿದೆ, ಒಂದು ಮಿಲಿಲೀಟರಿಗೆ 100 ಮಿಲಿಗ್ರಾಂ. ಆರಂಭ ಕಿಲೊಗೆ 2.5 ಮಿಲಿಗ್ರಾಂ, ದಿನಕ್ಕೆರಡು ಸಲ. ಮಗು 20 ಕಿಲೊ ಇದ್ದರೆ ಒಂದು ಸಲಕ್ಕೆ 50 ಮಿಲಿಗ್ರಾಂ, ಅರ್ಧ ಮಿಲಿಲೀಟರ್. ವಾರದ ನಂತರ ಇಮ್ಮಡಿ. ಇದನ್ನು ನರರೋಗ ತಜ್ಞರೇ ಮಾಡಬೇಕು, ಏಕೆಂದರೆ ಫಿಟ್ಸಿನ ಔಷಧಿಗಳಲ್ಲಿ ಕ್ಲೊಬಜಾಮ್ ಜೊತೆ ಕೊಟ್ಟರೆ ಕ್ಲೊಬಜಾಮಿನ ಸಕ್ರಿಯ ಅಂಶ ರಕ್ತದಲ್ಲಿ ಏರಿ ಮಗು ತೂಗಡಿಸುತ್ತದೆ, ವಾಲ್ಪ್ರೊಯೇಟ್ ಜೊತೆ ಕೊಟ್ಟರೆ ಲಿವರ್ ಪರೀಕ್ಷೆಯ ಅಂಕಿ ಏರಬಹುದು. ಶುರುವಿಗೆ ಮುಂಚೆ, ಆಮೇಲೆ 1, 3, 6 ತಿಂಗಳಿಗೆ ಲಿವರ್ ಪರೀಕ್ಷೆ ಆಗಲೇಬೇಕು. ಕೊಟ್ಟರೆ ಯಾವಾಗಲೂ ಊಟದ ಜೊತೆ, ಇಲ್ಲವೆ ಯಾವಾಗಲೂ ಬರೀ ಹೊಟ್ಟೆಗೆ. ಒಂದು ದಿನ ಹಾಗೆ ಒಂದು ದಿನ ಹೀಗೆ ಆಗಬಾರದು.

ಪ್ರಶ್ನೆ: ಇಂಗ್ಲೆಂಡಿನಲ್ಲಿ ಡಿಸ್ಪೆನ್ಸರಿ ಇದೆಯೇ? ಪತ್ನಿಗೆ ಮಲ್ಟಿಪಲ್ ಸ್ಕ್ಲೆರೋಸಿಸ್ ಎಂಬ ನರರೋಗ, ಕಾಲು ಸೆಟೆದುಕೊಳ್ಳುತ್ತದೆ.
– ಸ್ಲೌ

ಉತ್ತರ: ಇಲ್ಲ, ಫಾರ್ಮಸಿ ಮಾತ್ರ. 2018ರ ನವೆಂಬರ್ 1ರಿಂದ ತಜ್ಞರ ಪಟ್ಟಿಯಲ್ಲಿರುವ ವೈದ್ಯರು ಬರೆದುಕೊಡಬಹುದು. ನಿಮ್ಮ ಜಿಪಿ, ಅಂದರೆ ಮಾಮೂಲಿ ಕುಟುಂಬ ವೈದ್ಯರು, ತಾವಾಗಿ ಶುರುಮಾಡುವಂತಿಲ್ಲ. ನಿಮ್ಮವರ ತೊಂದರೆಗೆ ಸ್ಯಾಟಿವೆಕ್ಸ್ ಎಂಬ ಬಾಯಿಗೆ ಸಿಂಪಡಿಸುವ ಔಷಧಿ ಇದೆ, ಒಂದು ಸಿಂಪಡಿಕೆಗೆ ಟಿಎಚ್‌ಸಿ 2.7, ಸಿಬಿಡಿ 2.5 ಮಿಲಿಗ್ರಾಂ. ಬೇರೆ ಮಾತ್ರೆ ನಾಟದಿದ್ದರೆ ನಾಲ್ಕು ವಾರ ಕೊಟ್ಟು ನೋಡಿ, ಸೆಟೆತ ಕನಿಷ್ಠ 20% ಇಳಿದರೆ ಮುಂದುವರಿಸಿ ಎಂಬುದು ಅಲ್ಲಿ ಚಿಕಿತ್ಸೆಯ ಮಾರ್ಗಸೂಚಿ ಕೊಡುವ ನೈಸ್ ಸಂಸ್ಥೆಯ 2019ರ ಸೂಚನೆ. ವಸಡು ಉರಿಯದಂತೆ ಪ್ರತಿ ಸಲ ಬಾಯೊಳಗೆ ಜಾಗ ಬದಲಿಸಿ ಸಿಂಪಡಿಸಬೇಕು.

ಪ್ರಶ್ನೆ: ಆನ್‌ಲೈನಿನಲ್ಲಿ 'ವಿಜಯಾ' ಎಣ್ಣೆ ಮಾರುತ್ತಿದ್ದಾರೆ. ಭಂಗಿ ಎಂದು ಬರೆದಿದೆ. ಪೊಲೀಸರು ಹಿಡಿಯುವುದಿಲ್ಲವೇ?
– ಧಾರವಾಡ

ಉತ್ತರ: ಮಾದಕ ದ್ರವ್ಯಗಳ ಮೇಲಿನ ನಮ್ಮ 1985ರ ಎನ್‌ಡಿಪಿಎಸ್ ಕಾಯ್ದೆಯಲ್ಲಿ ಗಾಂಜಾ ಎಂದರೆ ಗಿಡದ ಹೂಬಿಟ್ಟ ಅಥವಾ ಕಾಯಿಗಟ್ಟಿದ ತುದಿ, ತುದಿಯಿಲ್ಲದ ಬರೀ ಎಲೆ ಮತ್ತು ಬೀಜ ಅದರಲ್ಲಿ ಬರುವುದಿಲ್ಲ. ಎಲೆಯಿಂದ, ಅಂದರೆ ಭಂಗಿಯಿಂದ, ತಯಾರಿಸಿದ ಆಯುರ್ವೇದ ಔಷಧಿಗೆ ಇರುವ ದಾರಿ ಇದೇ ಸಂದು. ಹಾಗೆಂದು ಅದು ತುಳಸಿ ಕಷಾಯದಂತಲ್ಲ. ಔಷಧ ನಿಯಮಗಳ ಶೆಡ್ಯೂಲ್ ಇ(1), ಅಂದರೆ ವಿಷಕಾರಿ ದ್ರವ್ಯಗಳ ಪಟ್ಟಿಯಲ್ಲಿ ಭಂಗಿ ಇದೆ. ವೈದ್ಯರ ಮೇಲ್ವಿಚಾರಣೆಯಲ್ಲಿ ಮಾತ್ರ ಸೇವಿಸಬೇಕೆಂಬ ಎಚ್ಚರಿಕೆ ಲೇಬಲ್ ಮೇಲೆ ಕಡ್ಡಾಯ. ತಯಾರಿಕಾ ಪರವಾನಗಿ ಸಂಖ್ಯೆ, ಬ್ಯಾಚ್, ಅವಧಿ, ಈ ಎಚ್ಚರಿಕೆ ಯಾವುದೊಂದು ಇಲ್ಲದಿದ್ದರೂ ಬಾಟಲಿ ಮುಟ್ಟಬೇಡಿ.

ದೊಡ್ಡ ಗೊಂದಲ ಅಂಕಿಯದು. 'ವಿಜಯಾ ಸಾರ 1000 ಮಿಗ್ರಾಂ' ಎಂದರೆ ಟಿಎಚ್‌ಸಿ 1000 ಅಲ್ಲ. ಸಾರದಲ್ಲಿ ಟಿಎಚ್‌ಸಿ ಎಷ್ಟು, ಸಿಬಿಡಿ ಎಷ್ಟು ಎಂಬುದು ಆ ಸಾಲಿನಿಂದ ಗೊತ್ತಾಗುವುದಿಲ್ಲ. ಅದೇ ಬ್ಯಾಚಿನ ಲ್ಯಾಬ್ ವರದಿ ಕೇಳಿ, ಕೊಡದಿದ್ದರೆ ಬೇರೆ ಕಡೆ ನೋಡಿ. ಇದನ್ನು ಸೇವಿಸಿ ಗಾಡಿ ಓಡಿಸುವುದು ಮೋಟಾರು ವಾಹನ ಕಾಯ್ದೆಯಲ್ಲಿ ಅಪರಾಧ; ಕಂಪನಿಯ ಮೂತ್ರ ಪರೀಕ್ಷೆಯಲ್ಲೂ ಸಿಕ್ಕಿಬೀಳುತ್ತೀರಿ. ಅಂದ ಹಾಗೆ, ಕಿರಾಣಿ ತಾಣಗಳಲ್ಲಿ ಸಿಗುವ ಹೆಂಪ್ ಬೀಜದ ಎಣ್ಣೆ ಬೇರೆ. ಅದನ್ನು 2021ರಲ್ಲಿ ಆಹಾರವೆಂದು ಒಪ್ಪಿದ್ದಾರೆ, ನೋವಿಗೆ ಅದರಿಂದ ಏನೂ ಆಗದು. ಭಂಗಿ ನಿಷೇಧಿತವಲ್ಲ ಎಂದು ಹೈಕೋರ್ಟೇ ಹೇಳಿದೆ ಎಂದು ಹಲವರು ವಾದಿಸುತ್ತಾರೆ. 2022ರ ಆಗಸ್ಟಿನ ಆ ಮಾತು ಬಂದದ್ದು ಜಾಮೀನು ಆದೇಶವೊಂದರಲ್ಲಿ. ಅದನ್ನು ಪರವಾನಗಿ ಎಂದು ಓದಬೇಡಿ.

ಪ್ರಶ್ನೆ: ಅಣ್ಣನಿಗೆ ಬಾಯಿ ಕ್ಯಾನ್ಸರ್, ನೋವು ತಡೆಯಲಾಗುತ್ತಿಲ್ಲ. ಪರಿಚಯದವರೊಬ್ಬರು ಗಾಂಜಾ ಎಣ್ಣೆ ಮಾಡಿಕೊಡುತ್ತೇನೆ ಎಂದಿದ್ದಾರೆ. ಬೇರೆ ದಾರಿ ಇದೆಯೇ?
– ಬಳ್ಳಾರಿ

ಉತ್ತರ: ಇದೆ, ಮತ್ತು ಅದು ಗಾಂಜಾಕ್ಕಿಂತ ಒಳ್ಳೆಯ ದಾರಿ. ಮೊದಲು ಆ ಎಣ್ಣೆಯ ವಿಷಯ. ದ್ರಾವಕದಲ್ಲಿ ನೆನೆಸಿ, ಕಾಯಿಸಿ ಇಳಿಸಿದ ಕಪ್ಪು ಅಂಟು ಅದು. ದ್ರಾವಕ ಪೂರ್ತಿ ಆರಿರುವುದಿಲ್ಲ, ಒಲೆಯ ಮೇಲೆ ಹತ್ತಿಕೊಂಡು ಮನೆ ಸುಟ್ಟ ಉದಾಹರಣೆಗಳೂ ಇವೆ. ಅದರಲ್ಲಿ 60% ಟಿಎಚ್‌ಸಿ ಇದ್ದರೆ ಅಕ್ಕಿಕಾಳಿನಷ್ಟು, ಅಂದರೆ 25 ಮಿಲಿಗ್ರಾಂ ಹನಿಯಲ್ಲಿ 15 ಮಿಲಿಗ್ರಾಂ. ಇರುವುದು 60 ಅಥವಾ 20 ಎಂದು ಮಾಡಿದವರಿಗೇ ತಿಳಿಯದು. ಕಾನೂನಿನ ಕಣ್ಣಿನಲ್ಲಿ ಇಂಥ ಸಾಂದ್ರ ಎಣ್ಣೆ ಗಾಂಜಾ ಅಲ್ಲ, ಚರಸ್. ಗಾಂಜಾದ 'ಸಣ್ಣ ಪ್ರಮಾಣ' ಒಂದು ಕಿಲೊ ತನಕ, ಚರಸ್ಸಿನದು 100 ಗ್ರಾಂ. ಸಣ್ಣ ಪ್ರಮಾಣಕ್ಕೂ ಒಂದು ವರ್ಷದವರೆಗೆ ಕಠಿಣ ಸಜೆ ಇದೆ.

ಕ್ಯಾನ್ಸರ್ ನೋವಿಗೆ ಬಲವಾದ ಆಧಾರ ಇರುವುದು ಅಫೀಮಿನಿಂದ ತಯಾರಾಗುವ ಮಾರ್ಫಿನ್‌ಗೆ. ಎನ್‌ಡಿಪಿಎಸ್ ಕಾಯ್ದೆಯ 2014ರ ತಿದ್ದುಪಡಿಗೆ ಮುಂಚೆ ಆಸ್ಪತ್ರೆಗಳು ಅದನ್ನಿಡಲು ಹಲವು ಪರವಾನಗಿಗಳ ಹಿಂದೆ ಅಲೆಯಬೇಕಿತ್ತು. ಈಗ ಮಾರ್ಫಿನ್, ಫೆಂಟನಿಲ್, ಮೆಥಡೋನ್ ಸೇರಿ ಆರು ಔಷಧಗಳಿಗೆ ರಾಜ್ಯದ ಔಷಧ ನಿಯಂತ್ರಕರು ಕೊಡುವ 'ಮಾನ್ಯತೆ ಪಡೆದ ವೈದ್ಯಕೀಯ ಸಂಸ್ಥೆ' ಎಂಬ ಒಂದೇ ಒಪ್ಪಿಗೆ ಸಾಕು. ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆ, ಕೊನೆಯ ಹಂತದವರಿಗೆ ಹಾಸ್ಪೈಸ್ ಆರೈಕೆ ಉಚಿತವಾಗಿ ಕೊಡುವ ಕರುಣಾಶ್ರಯ, ಮಣಿಪಾಲದ ಕೆಎಂಸಿಯ ಉಪಶಾಮಕ ವಿಭಾಗ ಈ ಕೆಲಸ ಮಾಡುವ ಕಡೆಗಳು. ನಿಮಗೆ ಹತ್ತಿರದ್ದು ಯಾವುದೆಂದು ಜಿಲ್ಲಾ ಆಸ್ಪತ್ರೆಯಲ್ಲಿ ಮತ್ತು ಜಿಲ್ಲೆಯ ಸಹಾಯಕ ಔಷಧ ನಿಯಂತ್ರಕರ ಕಚೇರಿಯಲ್ಲಿ ವಿಚಾರಿಸಿ. ಮಾಮೂಲಿ ಮೆಡಿಕಲ್ ಶಾಪಿನಲ್ಲಿ ಹುಡುಕಿ ಅಲೆಯಬೇಡಿ. ಬಯಾಪ್ಸಿ ವರದಿ, ಡಿಸ್ಚಾರ್ಜ್ ಚೀಟಿ, ರೋಗಿಯ ಮತ್ತು ನಿಮ್ಮ ಆಧಾರ್ ಒಯ್ಯಿರಿ. ಮೊದಲ ಸಲ ರೋಗಿಯನ್ನು ನೋಡಿದ ಮೇಲೆ, ಮುಂದಿನ ಸಲ ನೀವೇ ಹೋಗಿ ತರಲು ಆಗುತ್ತದೆಯೇ ಎಂದು ಅಂದೇ ಕೇಳಿಕೊಳ್ಳಿ.

ಮಾರ್ಫಿನ್ ಮಾತ್ರೆ ನಾಲ್ಕು ಗಂಟೆಗೊಮ್ಮೆ, ನೋವು ಬರಲಿ ಎಂದು ಕಾಯದೆ, ಗಡಿಯಾರ ನೋಡಿ ಕೊಡಬೇಕು. ಕಾಯ್ದು ಕೊಟ್ಟರೆ ಅಷ್ಟೇ ನೋವಿಗೆ ಹೆಚ್ಚು ಮಾತ್ರೆ ಬೇಕಾಗುತ್ತದೆ. ಬಾಯಿ ತೆರೆಯಲಾಗದಿದ್ದರೆ ಸಾದಾ 10 ಮಿಲಿಗ್ರಾಂ ಮಾತ್ರೆ ಪುಡಿಮಾಡಿ ನೀರಿನಲ್ಲಿ ಕದಡಿ ಕೊಡಬಹುದು, ಮೂಗಿನ ನಳಿಕೆಯಲ್ಲೂ ಹಾಕಬಹುದು. ಹೆಸರಿನ ಮುಂದೆ ಎಸ್‌ಆರ್ ಎಂದಿರುವ ಮಾತ್ರೆಯನ್ನು ಮಾತ್ರ ಎಂದಿಗೂ ಪುಡಿಮಾಡಬಾರದು. ಹನ್ನೆರಡು ಗಂಟೆಗೆ ಹಂಚಿಹೋಗಬೇಕಾದ್ದು ಒಂದೇ ಸಲ ಒಳಗೆ ಹೋಗಿ ಉಸಿರು ಕುಗ್ಗುತ್ತದೆ. ಮೊದಲ ಎರಡು ಮೂರು ದಿನದ ಮಂಪರು, ವಾಕರಿಕೆ ಸಾಮಾನ್ಯವಾಗಿ ತಾನಾಗಿ ಹೋಗುತ್ತವೆ. ಮಲಬದ್ಧತೆ ಮಾತ್ರ ಹೋಗುವುದಿಲ್ಲ, ಹಾಗಾಗಿ ಮೊದಲ ದಿನದಿಂದಲೇ ಮಲ ಸಡಿಲಿಸುವ ಮಾತ್ರೆ ಜೊತೆಗಿರಬೇಕು. ಮಾರ್ಫಿನ್ ಆಗಿಬರಲಿಲ್ಲ ಎಂದು ಬಿಟ್ಟವರನ್ನು ಕೆದಕಿ ಕೇಳಿದರೆ ಎಷ್ಟೋ ಸಲ ಕಾರಣ ಇದೊಂದೇ.

ಪ್ರಶ್ನೆ: ಮುಂದೆ ಕರ್ನಾಟಕದಲ್ಲೂ ಡಿಸ್ಪೆನ್ಸರಿ ಬಂದರೆ ಹೇಗಿರಬೇಕು? ನಾನು ಡಿ.ಫಾರ್ಮ ವಿದ್ಯಾರ್ಥಿನಿ.
– ಮೈಸೂರು

ಉತ್ತರ: ಕಾನೂನಿಗಿಂತ ಅನುಷ್ಠಾನ ಕಷ್ಟ ಎನ್ನುವುದನ್ನು ನ್ಯೂಜೆರ್ಸಿಯಿಂದ ಕಲಿಯಬಹುದು. ಅಲ್ಲಿ ಕಾಯ್ದೆಗೆ ಸಹಿ ಬಿದ್ದದ್ದು 2010ರ ಜನವರಿಯಲ್ಲಿ; ಮೊದಲ ಡಿಸ್ಪೆನ್ಸರಿ ತೆರೆದದ್ದು 2012ರ ಡಿಸೆಂಬರಿನಲ್ಲಿ, ಮಾಂಟ್‌ಕ್ಲೇರ್‌ನಲ್ಲಿ; ಮೊದಲ ಹಂತದ ಆರನೆಯದು 2018ರಲ್ಲಿ. ಎರಡು ವರ್ಷದ ಕಾರ್ಡಿಗೆ ಆಗ 200 ಡಾಲರ್ ಇತ್ತು. 2018ರ ಮಾರ್ಚಿನಲ್ಲಿ ಶುಲ್ಕವನ್ನು 100ಕ್ಕೆ, ವೃದ್ಧರಿಗೆ ಮತ್ತು ಮಾಜಿ ಸೈನಿಕರಿಗೆ 20ಕ್ಕೆ ಇಳಿಸಿ, ಮೈಗ್ರೇನ್, ಮೂಳೆ ಸ್ನಾಯುಗಳ ದೀರ್ಘಕಾಲದ ನೋವು ಮುಂತಾದವನ್ನು ಪಟ್ಟಿಗೆ ಸೇರಿಸಿದ ಮೇಲೆಯೇ ರೋಗಿಗಳ ನೋಂದಣಿ ಚುರುಕಾದದ್ದು. ಕ್ಯಾಲಿಫೋರ್ನಿಯಾ ತದ್ವಿರುದ್ಧ: 1996ರಲ್ಲೇ ಜನಮತದಿಂದ ಒಪ್ಪಿಗೆ, ಆದರೆ ಅಂಗಡಿಗಳಿಗೆ ರಾಜ್ಯದ ಪರವಾನಗಿ ಮತ್ತು ಕಡ್ಡಾಯ ಲ್ಯಾಬ್ ಪರೀಕ್ಷೆ ಬಂದದ್ದು ಇಪ್ಪತ್ತು ವರ್ಷ ಕಳೆದ ಮೇಲೆ. ಅಲ್ಲಿಯತನಕ ರೋಗಿಗೆ ಸಿಕ್ಕಿದ್ದೇ ಪ್ರಸಾದ.

ನಮ್ಮಲ್ಲಂತೂ ಭಯದ ಇತಿಹಾಸವೇ ಇದೆ. 1985ರಲ್ಲಿ ಎನ್‌ಡಿಪಿಎಸ್ ಬಂದಾಗ ದೇಶದ ವೈದ್ಯಕೀಯ ಮಾರ್ಫಿನ್ ಬಳಕೆ ವರ್ಷಕ್ಕೆ ಸುಮಾರು 600 ಕಿಲೊ ಇತ್ತು. 1997ಕ್ಕೆ ಅದು 18 ಕಿಲೊಗೆ ಕುಸಿಯಿತು. ಅಫೀಮು ಬೆಳೆದು ಹೊರದೇಶಕ್ಕೆ ಕಳಿಸುವ ನಾಡಿನ ಕತೆ ಇದು. ಔಷಧಿ ನಿಷೇಧವಾಗಿರಲಿಲ್ಲ, ಒಂದು ಮಾತ್ರೆಯ ಲೆಕ್ಕ ತಪ್ಪಿದರೆ ಜೈಲು ಎಂದು ಆಸ್ಪತ್ರೆಗಳು ಇಡುವುದನ್ನೇ ಬಿಟ್ಟವು. ಎನ್‌ಡಿಪಿಎಸ್‌ನ 8ನೇ ಕಲಮು ವೈದ್ಯಕೀಯ ಬಳಕೆಗೆ ಅವಕಾಶ ಇಟ್ಟೇ ಇದೆ. 2020ರ ಡಿಸೆಂಬರ್ 2ರಂದು ವಿಶ್ವಸಂಸ್ಥೆಯ ಆಯೋಗದಲ್ಲಿ ಗಾಂಜಾವನ್ನು ಅತಿ ಅಪಾಯಕಾರಿ ಪಟ್ಟಿಯಿಂದ ತೆಗೆಯಲು 27–25ರ ಮತದಲ್ಲಿ ಭಾರತವೂ ಪರವಾಗಿತ್ತು. ಹಾಗಾಗಿ ನಮ್ಮ ಅಭಿಪ್ರಾಯದಲ್ಲಿ ಹೊಸ ಅಂಗಡಿಗಿಂತ ಮುಂಚೆ, ಈಗ ಮಾರ್ಫಿನ್ ಕೊಡುವಂಥ ಮಾನ್ಯತೆ ಪಡೆದ ಸಂಸ್ಥೆಗಳು ಪ್ರತಿ ತಾಲ್ಲೂಕಿನಲ್ಲೂ ಇರುವಂತಾಗಬೇಕು. ಗಾಂಜಾ ಮೂಲದ ಔಷಧಿ ಬಂದರೆ ಅದೇ ಕಪಾಟಿನಲ್ಲಿ, ಅದೇ ರಿಜಿಸ್ಟರಿನಲ್ಲಿ, ನಿಮ್ಮಂಥ ಫಾರ್ಮಸಿಸ್ಟ್ ಕೈಯಿಂದ ಬರಲಿ: ಮಿಲಿಲೀಟರಿಗೆ ಇಷ್ಟು ಎಂಬ ಲೇಬಲ್, ಬೆಳೆಗಾರನಿಗೆ ಸಂಬಂಧವಿಲ್ಲದ ಲ್ಯಾಬಿನ ವರದಿ, ಅಡ್ಡಪರಿಣಾಮ ಬರೆದುಕೊಳ್ಳುವ ಪುಸ್ತಕ. ಹೊಳೆಯುವ ದೀಪ, ಇಪ್ಪತ್ತು ಬಗೆಯ ಗಮ್ಮಿ, ಇವು ರೋಗಿಗೆ ಬೇಕಾಗಿಲ್ಲ.

ಪ್ರಶ್ನೆ: ಅಮೆರಿಕದ ಕಾರ್ಡ್, ಡಿಸ್ಪೆನ್ಸರಿ ಬಿಲ್ಲು, ಡಾಕ್ಟರ ಪತ್ರ ಎಲ್ಲ ಇದ್ದರೆ ಅಮ್ಮನ ಟಿಂಕ್ಚರನ್ನು ಬೆಂಗಳೂರಿಗೆ ತರಬಹುದೇ?
– ಪ್ರಿನ್ಸ್‌ಟನ್, ನ್ಯೂಜೆರ್ಸಿ

ಉತ್ತರ: ತರುವಂತಿಲ್ಲ. ಆ ಕಾರ್ಡಿಗೆ ಭಾರತದಲ್ಲಿ ಬೆಲೆಯಿಲ್ಲ, ಎನ್‌ಡಿಪಿಎಸ್ ವಿಮಾನ ನಿಲ್ದಾಣದಲ್ಲೇ ಅನ್ವಯಿಸುತ್ತದೆ. ಪ್ರಯಾಣಕ್ಕೆ ಒಂದು ತಿಂಗಳು ಮುಂಚೆಯೇ ವೈದ್ಯರಿಗೆ ಹೇಳಿ, ಇಲ್ಲಿ ಸಿಗುವ ಬದಲಿ ಔಷಧಿಗೆ ಅಲ್ಲೇ ಒಗ್ಗಿಸಿ ಕರೆತನ್ನಿ. ಬಹಳ ದಿನ ತೆಗೆದುಕೊಂಡವರು ಥಟ್ಟನೆ ನಿಲ್ಲಿಸಿದರೆ ಒಂದೆರಡು ವಾರ ನಿದ್ದೆಗೇಡು, ಸಿಡುಕು, ಊಟ ಸೇರದಿರುವುದು ಇರುತ್ತದೆ. ಅದನ್ನು ಜೆಟ್ ಲ್ಯಾಗ್ ಎಂದು ತಿಳಿದು ನಿದ್ದೆ ಮಾತ್ರೆ ಕೊಡಬೇಡಿ.